ಐವತ್ತೊಂದು ಪಾಲು ಜೇನುಮೇಣ

ನಮ್ಮ ಮಾಲೀಕ ಆಲ್ ಕ್ರೆಮರ್ ಸರ್ಕಾರದ ವಿರುದ್ಧ ಗೆದ್ದ ದಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಡೋನಟ್ ಹಂಚಿದರು. ನಿಜವಾಗಿ ಗೆದ್ದವರು ಅವರಲ್ಲ. ವಾಷಿಂಗ್ಟನ್ನಿನ ದೊಡ್ಡ ಕೋರ್ಟು ನಮ್ಮಂಥವೇ ಬೇರೆ ಕಂಪನಿಗಳ ಪರವಾಗಿ ತೀರ್ಪು ಕೊಟ್ಟಿತ್ತು, ಅದರ ಬೆನ್ನಿಗೆ ನಮ್ಮ ಕೇಸೂ ಗೆದ್ದ ಹಾಗಾಯಿತು. ನೌಕರರ ಆರೋಗ್ಯವಿಮೆಯಲ್ಲಿ ಗರ್ಭ ತಡೆಯುವ ಮಾತ್ರೆ, ಗರ್ಭಕೋಶದೊಳಗೆ ಇಡುವ ವಂಕಿ ಎಲ್ಲಕ್ಕೂ ಕಂಪನಿಯೇ ಹಣ ತುಂಬಬೇಕೆಂದು ಸರ್ಕಾರ ನಿಯಮ ಮಾಡಿತ್ತು. ಆಲ್ ತಮ್ಮ ಕ್ಯಾಥೊಲಿಕ್ ಧರ್ಮಕ್ಕೆ ಅದು ಒಗ್ಗುವುದಿಲ್ಲ, ತುಂಬುವುದಿಲ್ಲ ಎಂದಿದ್ದರು.

ಅವರು ಮೇಣದ ಗಟ್ಟಿಗಳನ್ನು ಪೇರಿಸುವ ಹಲಗೆಯ ಮೇಲೆ ಹತ್ತಿ ನಿಂತು ಮಾತಾಡಿದರು. "ನಾನು ಯಾರ ಮನೆಯೊಳಗೂ ಇಣುಕೋನಲ್ಲ. ನಿಮ್ಮ ಸಂಬಳ ನಿಮ್ಮದು, ಏನು ಬೇಕಾದ್ರೂ ತಗೊಳ್ಳಿ. ಆದ್ರೆ ನಾನು ಪಾಪ ಅಂತ ನಂಬಿರೋದಕ್ಕೆ ನನ್ನ ಕೈಯಿಂದಲೇ ದುಡ್ಡು ಕೊಡಿಸ್ತೀನಿ ಅಂದ್ರೆ ಹೇಗೆ?"

ಪ್ಯಾಕಿಂಗ್ ಕಡೆಯಿಂದ ಇವೊನ್ ಕೂಗಿದಳು. "ಹಾಗಾದ್ರೆ ಡೈಪರ್‌ಗೆ ಕೊಡ್ತೀರಾ ಆಲ್?"

"ಕೊಡ್ತೀನಮ್ಮಾ. ನಿನ್ನ ಗಂಡನಿಗೆ ಯಾವಾಗ ಬೇಕಾಗುತ್ತೋ ಹೇಳು."

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಹೊಟ್ಟೆಯ ಮೇಲೆ ಡೋನಟ್ ತಟ್ಟೆ ಇಟ್ಟುಕೊಂಡು ನಾನೂ ತಟ್ಟಿದೆ. ಆಗ ನಾನು ಏಳು ತಿಂಗಳ ಬಸುರಿ, ಮೂರನೆಯದು. ಆ ಚಪ್ಪಾಳೆಯನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮನಸ್ಸು ಒಪ್ಪದ್ದನ್ನು ಒಬ್ಬ ಮನುಷ್ಯನಿಂದ ಬಲವಂತವಾಗಿ ಮಾಡಿಸಬಾರದು ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆ ಮಾತು ಯಾರ್‍ಯಾರಿಗೆಲ್ಲ ಅನ್ವಯಿಸುತ್ತದೆ ಎಂದು ಮಾತ್ರ ಆಗ ಯೋಚಿಸಿರಲಿಲ್ಲ.

ನಮ್ಮೂರು ಸೇಂಟ್ ಒತ್ಮಾರ್‌ನಲ್ಲಿ ಇರುವುದು ಒಂದು ಚರ್ಚು, ಹಾಲಿನ ಡೈರಿ, ಎರಡು ಬಾರು ಮತ್ತು ನಮ್ಮ ಮೇಣದಬತ್ತಿ ಕಾರ್ಖಾನೆ. ಅರ್ಧ ಮಿನ್ನೆಸೋಟ ರಾಜ್ಯದ ಚರ್ಚುಗಳ ಪೂಜಾಪೀಠದ ಮೇಲೆ ಉರಿಯುವುದು ನಮ್ಮ ಬತ್ತಿ. ನಾನು ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಪ್ರಯೋಗಾಲಯವೆಂದರೆ ಒಂದು ಕೋಣೆ, ಒಂದು ತಕ್ಕಡಿ, ಒಂದಿಷ್ಟು ಗಾಜು ಮತ್ತು ನಾನು. ಪೂಜೆಯ ಬತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜೇನುಮೇಣವೇ ಇರಬೇಕೆಂಬುದು ಹಳೆಯ ಕಾಲದಿಂದ ಬಂದ ಪದ್ಧತಿ. ಆದ್ದರಿಂದ ನಮ್ಮ ಪೆಟ್ಟಿಗೆಯ ಮೇಲೆ 'ನೂರಕ್ಕೆ ಐವತ್ತೊಂದು ಪಾಲು ಜೇನುಮೇಣ' ಎಂದು ಅಚ್ಚಾಗಿರುತ್ತದೆ. ಉಳಿದದ್ದು ಅಗ್ಗದ ಪೆಟ್ರೋಲಿಯಂ ಮೇಣ. ಪ್ರತಿ ಕಡಾಯಿಯಿಂದಲೂ ಒಂದು ಚೂರು ತೆಗೆದು, ಆಲ್ಕೋಹಾಲ್ ಮತ್ತು ಕ್ಷಾರದಲ್ಲಿ ಕುದಿಸಿ, ಜೇನಿನ ಪಾಲು ಎಷ್ಟಿದೆಯೆಂದು ಲೆಕ್ಕ ಹಾಕಿ ಸಹಿ ಮಾಡುವುದು ನನ್ನ ಕೆಲಸ.

ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಒಂದು ಕಡಾಯಿ ನಲವತ್ತೊಂಬತ್ತಕ್ಕೆ ಬಂತು. ಈಸ್ಟರ್ ಹಬ್ಬದ ದೊಡ್ಡ ಬತ್ತಿಗಳ ಕಡಾಯಿ ಅದು. ಒಂದೊಂದೂ ಆಳೆತ್ತರ, ತೋಳಿನಷ್ಟು ದಪ್ಪ. ಎಲ್ಲ ಎರಕ ಹೊಯ್ದು, ಶಿಲುಬೆ ಕೆತ್ತಿ ಮುಗಿದಿತ್ತು. ಹಬ್ಬ ಹತ್ತಿರ ಬಂದಿತ್ತು, ಚರ್ಚುಗಳು ಫೋನ್ ಮೇಲೆ ಫೋನ್ ಮಾಡುತ್ತಿದ್ದವು. ನಾನು ಆಲ್ ಅವರನ್ನು ಕರೆದು ತೋರಿಸಿದೆ.

ಅವರು ಹೊಸ ಬತ್ತಿಯೊಂದರ ಮೇಲೆ ಕೈಯಾಡಿಸಿ, "ಕರಗಿಸಿ," ಎಂದರು.

ಮೇಸ್ತ್ರಿ ತಲೆ ಮೇಲೆ ಕೈ ಹೊತ್ತುಕೊಂಡ. "ಎರಡು ಪಾಲಿಗೆ? ಯಾವ ಪಾದ್ರಿಗೆ ಗೊತ್ತಾಗುತ್ತೆ ಆಲ್?"

"ಪಾದ್ರಿಗೆ ಗೊತ್ತಾಗಲ್ಲ. ಪೆಟ್ಟಿಗೆ ಮೇಲೆ ಐವತ್ತೊಂದು ಅಂತ ಬರ್ದಿದೆ. ಬರ್ದದ್ದು ಇರಬೇಕು, ಅಷ್ಟೇ."

ಹೊಸ ಬತ್ತಿಗಳು ತಯಾರಾದ ಮೇಲೆ ಅವುಗಳನ್ನು ತಮ್ಮ ಪಿಕಪ್‌ನ ಹಿಂದೆ ಕಂಬಳಿ ಹಾಸಿ ಮಲಗಿಸಿಕೊಂಡು ಅವರೇ ಕ್ಯಾಥೀಡ್ರಲ್‌ಗೆ ಮುಟ್ಟಿಸಿ ಬಂದರು. ಪ್ರತಿ ವರ್ಷವೂ ಅವರೇ ಒಯ್ಯುವುದು. ಚಳಿಗೆ ಮೇಣ ಗಾಜಿನಷ್ಟು ಪೆಡಸಾಗಿರುತ್ತದೆ, ಒಂದು ಜರ್ಕು ಸಾಕು ಬಿರುಕು ಬಿಡಲು. ರೈಲು ಹಳಿ ದಾಟುವಾಗ ಅವರು ಗಾಡಿಯನ್ನು ಒಂದೊಂದೇ ಗಾಲಿಯಂತೆ ಇಳಿಸುವುದನ್ನು ನೋಡಿ ಹಿಂದಿನ ಗಾಡಿಯವರು ಹಾರ್ನ್ ಒತ್ತುವುದು ಊರಿಗೆಲ್ಲ ಗೊತ್ತಿರುವ ತಮಾಷೆ.

ಕೇಸು ಗೆದ್ದ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಮೂರನೆಯವನು ಥಿಯೊ ಹುಟ್ಟಿದ. ಅದಾಗಿ ಸ್ವಲ್ಪ ದಿನಕ್ಕೆ ನನಗೆ ಮೆಟ್ಟಿಲು ಹತ್ತಲಾಗಲಿಲ್ಲ. ಮಲಗಿದರೆ ನೀರಿನೊಳಗೆ ಮುಳುಗಿದ ಹಾಗಾಗುತ್ತಿತ್ತು. ಬಾಣಂತನದ ಸುಸ್ತು ಎಂದುಕೊಂಡೆ. ಹತ್ತಿರದ ಪಟ್ಟಣ ಸೇಂಟ್ ಕ್ಲೌಡ್‌ನಲ್ಲಿ ಸ್ಕ್ಯಾನ್ ಮಾಡಿದಾಗ ನನ್ನ ಹೃದಯ ಹಳೆಯ ಬಲೂನಿನ ಹಾಗೆ ಜೋತು ಬಿದ್ದಿರುವುದು ಕಾಣಿಸಿತು. ಬಸಿರೇ ಕೆಲವರ ಹೃದಯದ ಸ್ನಾಯುವನ್ನು ಹೀಗೆ ಸಡಿಲಿಸುತ್ತದಂತೆ. ನಾನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಆಲ್ ಸಂಬಳ ಕಡಿಯಲಿಲ್ಲ. ಅವರ ಹೆಂಡತಿ ಮಾರ್ಲಿಸ್ ಆಲೂಗಡ್ಡೆ, ಮಾಂಸ ಬೇಯಿಸಿದ ಹಾಟ್‌ಡಿಶ್ ಹೊತ್ತು ತಂದು ಮಕ್ಕಳಿಗೆ ಉಣ್ಣಿಸಿ ಹೋಗುತ್ತಿದ್ದಳು.

ಡಾಕ್ಟರ್ ಹಲ್ವರ್ಸನ್ ಸುತ್ತಿ ಬಳಸಿ ಮಾತಾಡುವವಳಲ್ಲ. "ಇನ್ನೊಂದು ಬಸಿರನ್ನ ಈ ಹೃದಯ ತಡ್ಕೊಳ್ಳಲ್ಲ ಕೊರಿನ್. ತಡ್ಕೊಳ್ಳದೇ ಇರಬಹುದು ಅಂತ ನಾನು ಹೇಳ್ತಿಲ್ಲ."

"ನಾವು ಉಷ್ಣಾಂಶ ನೋಡೋ ಪದ್ಧತಿ ಪಾಲಿಸ್ತೀವಿ," ಎಂದೆ. ಪಾಲಿಸುವುದಷ್ಟೇ ಅಲ್ಲ, ನಾನೂ ನನ್ನ ಗಂಡ ಡ್ವೇನನೂ ಚರ್ಚಿನ ನೆಲಮಾಳಿಗೆಯಲ್ಲಿ ಮದುವೆಗೆ ನಿಂತ ಜೋಡಿಗಳಿಗೆ ಅದನ್ನು ಕಲಿಸುತ್ತಿದ್ದೆವು. ಬೆಳಗ್ಗೆ ಎದ್ದ ತಕ್ಷಣ ಹೆಂಗಸಿನ ಮೈಯ ಬಿಸಿ ಅಳೆಯಬೇಕು. ಅದು ಏರುವ ದಿನ ನೋಡಿಕೊಂಡು ಯಾವಾಗ ಕೂಡಬಹುದು, ಯಾವಾಗ ಕೂಡದು ಎಂದು ತಿಳಿಯಬೇಕು. ನಮ್ಮ ಕ್ಯಾಥೊಲಿಕ್ ಚರ್ಚು ಒಪ್ಪುವುದು ಇದೊಂದನ್ನೇ. ನನಗೆ ಅದರಲ್ಲಿ ಭಕ್ತಿಗಿಂತ ಹೆಚ್ಚಾಗಿ ಅದರ ಚೊಕ್ಕತನ ಇಷ್ಟವಾಗಿತ್ತು. ಒಂದು ಡಿಗ್ರಿಯ ಪುಟ್ಟ ಭಾಗದಲ್ಲಿ ದೇಹ ತನ್ನ ಗುಟ್ಟು ಹೇಳುತ್ತದೆ ಎನ್ನುವುದು.

"ನಿನ್ನೆ ರಾತ್ರಿ ಮಗು ಎಷ್ಟು ಸಲ ಎಬ್ಬಿಸ್ತು?" ಡಾಕ್ಟರ್ ಕೇಳಿದಳು.

"ಲೆಕ್ಕ ಇಟ್ಟಿಲ್ಲ."

"ಹೃದಯದ ಮಾತ್ರೆ ಬೇರೆ ತಗೊಳ್ತಿದ್ದೀಯ. ಹಾಲು ಕುಡಿಸ್ತಿದ್ದೀಯ. ನಿನ್ನ ಥರ್ಮಾಮೀಟರಿನ ಮಾತಿಗೆ ಈಗ ಏನಮ್ಮಾ ಬೆಲೆ?"

ಅವಳು ಲೂಥರನ್ ಪಂಥದವಳು, ನಮ್ಮ ಪದ್ಧತಿಯ ಬಗ್ಗೆ ಸ್ವಲ್ಪ ತಾತ್ಸಾರವಿರಬಹುದು ಎಂದು ಮೊದಲು ಅನ್ನಿಸಿತು. ಆದರೆ ಅವಳು ಕೇಳಿದ್ದು ನಾನೇ ಯಾವ ವಿದ್ಯಾರ್ಥಿಯನ್ನಾದರೂ ಕೇಳುತ್ತಿದ್ದ ಪ್ರಶ್ನೆ. ಅಳತೆ ಕೆಟ್ಟಿರುವಾಗ ಲೆಕ್ಕ ಎಷ್ಟು ಅಚ್ಚುಕಟ್ಟಾಗಿದ್ದರೇನು? ತರಗತಿಯಲ್ಲಿ ನಾವು ನಗುತ್ತಾ ಹೇಳುತ್ತಿದ್ದೆವು, ಲೆಕ್ಕ ತಪ್ಪಿ ಬಂದ ಮಗುವೂ ಮನೆಗೆ ಬಂದ ನೆಂಟನೇ ಎಂದು. ನಮ್ಮ ಎರಡನೆಯವಳು ಹಾಗೆ ಬಂದವಳೇ. ಮುಂದಿನ ನೆಂಟ ಬಂದರೆ ಬಾಗಿಲು ತೆಗೆಯಲು ನಾನೇ ಇರುವುದಿಲ್ಲ.

ಈ ಹೃದಯಕ್ಕೆ ಮಾಮೂಲಿ ಗರ್ಭನಿರೋಧಕ ಮಾತ್ರೆ ಅಪಾಯ. ಗರ್ಭಕೋಶದಲ್ಲಿ ಇಡುವ, ಸ್ವಲ್ಪ ಸ್ವಲ್ಪವೇ ಔಷಧಿ ಬಿಡುವ ವಂಕಿ ಸರಿ ಎಂದಳು ಡಾಕ್ಟರ್. ಡ್ವೇನ್ ತಾನೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದ. ನಾನು ಬೇಡವೆಂದೆ. ಹೃದಯ ಎಂದಾದರೂ ಗುಣವಾದೀತು, ಆಗ ತೆಗೆಯಬಹುದಾದದ್ದೇ ನನಗೆ ಬೇಕಿತ್ತು. ಅವನು ಅಷ್ಟರಲ್ಲಿ ಸೋಫಾದ ಮೇಲೆ ಮಲಗಲು ಶುರುಮಾಡಿದ್ದ. "ನಿನಗೆ ನಿದ್ದೆ ಬೇಕಲ್ಲ ಅದಕ್ಕೆ," ಎನ್ನುತ್ತಿದ್ದ. ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಹಿಂದಿನಿಂದ ಬಂದು ನನ್ನ ಭುಜ ಹಿಡಿದವನು, ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ತೆಗೆದ. ಹನ್ನೊಂದು ವರ್ಷದ ಮದುವೆಯಲ್ಲಿ ನನ್ನನ್ನು ನೋಡಿ ಅವನು ಹೆದರಿದ್ದು ಅದೇ ಮೊದಲು.

ನಮ್ಮ ವಿಮೆ ವಂಕಿಗೆ ಹಣ ಕೊಡುವುದಿಲ್ಲವೆಂದು ಗೊತ್ತಿದ್ದರೂ ಆಲ್ ಅವರನ್ನು ಒಂದು ಮಾತು ಕೇಳೋಣವೆನ್ನಿಸಿತು. ನವೆಂಬರಿನಲ್ಲಿ ಕೆಲಸಕ್ಕೆ ಮರಳಿದ ವಾರವೇ ಅವರು ಪ್ರಯೋಗಾಲಯಕ್ಕೆ ಬಂದರು. ನನ್ನ ಎತ್ತರದ ಸ್ಟೂಲಿನ ಬದಲು ಬೆನ್ನು ಒರಗುವ ಕುರ್ಚಿಯೊಂದನ್ನು ತಾವೇ ಹೊತ್ತು ತಂದಿದ್ದರು.

ನಾನು ಎಲ್ಲವನ್ನೂ ಹೇಳಿದೆ. ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ನಿನಗೆ ಏನಾದ್ರೂ ಆದ್ರೆ ನಾನು ತಡ್ಕೊಳ್ಳಲ್ಲ ಕೊರಿನ್," ಎಂದರು ಕೊನೆಗೆ. "ಆದ್ರೆ ಆ ವಸ್ತು, ಆಗಲೇ ಮೊಳೆತ ಜೀವಾನೂ ಅಳಿಸುತ್ತೆ ಅಂತಾರಲ್ಲ."

"ಮೊಳೆಯೋಕೇ ಬಿಡಲ್ಲ ಅಂತಲೇ ಪರೀಕ್ಷೆಗಳು ಹೇಳೋದು. ನಾನು ಓದಿದ್ದೀನಿ."

"ನೂರಕ್ಕೆ ನೂರಾ?"

ನೂರಕ್ಕೆ ನೂರು ಎಂದು ನಾನು ಯಾವುದರ ಬಗ್ಗೆಯೂ ಸಹಿ ಮಾಡಿದವಳಲ್ಲ, ಅದು ಅವರಿಗೂ ಗೊತ್ತಿತ್ತು.

ಅವರು ಕೂತಿದ್ದ ಸ್ಟೂಲನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. "ನೋಡು, ಒಂದು ದಾರಿ ಇದೆ. ನಮ್ಮ ಲಾಯರ್ ಹೇಳಿದ್ದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗೋ ಕಾಯಿಲೆಗೂ ಇದೇ ವಂಕಿ ಹಾಕ್ತಾರಂತೆ. ಕಾಯಿಲೆಗೆ ಅಂದ್ರೆ ಚರ್ಚೂ ಬೇಡ ಅನ್ನಲ್ಲ, ನಮ್ಮ ವಿಮೆನೂ ಕೊಡುತ್ತೆ. ನಿನ್ನ ಡಾಕ್ಟರ್ ಹಾಗಂತ ಒಂದು ಸಾಲು ಬರೆದ್ರೆ ಯಾರೂ ಕೇಳಲ್ಲ. ನಾನಂತೂ ಕೇಳಲ್ಲ."

"ನನಗೆ ರಕ್ತ ಜಾಸ್ತಿ ಹೋಗಲ್ಲ ಆಲ್."

"ಗೊತ್ತಮ್ಮಾ."

"ನನ್ನ ಕಾಯಿಲೆ ಹೃದಯದ್ದು. ವಂಕಿ ಬೇಕಾಗಿರೋದು ಬಸಿರಾಗಬಾರದು ಅಂತ."

"ಗೊತ್ತು. ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ."

ಹೌದು, ಒಳ್ಳೆಯದಕ್ಕೇ ಹೇಳುತ್ತಿದ್ದರು. ಲಾಯರ್ ಹೇಳಿದ ಆ ದಾರಿಯನ್ನು ನನಗೆ ತೋರಿಸುವಷ್ಟು ದೂರ ಅವರು ನನಗಾಗಿ ಬಂದಿದ್ದರು. ಎರಡು ವರ್ಷ ಸರ್ಕಾರದ ಜೊತೆ ಗುದ್ದಾಡಿದ ಮನುಷ್ಯ. ಹೂಂ ಎಂದಿದ್ದರೆ ನನ್ನ ತೊಂದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣು ಮೇಜಿನ ಮೇಲೆ ಸಾಲಾಗಿಟ್ಟ ಮೇಣದ ಚೂರುಗಳ ಮೇಲೆ ಹೋಯಿತು.

"ನಲವತ್ತೊಂಬತ್ತರ ಮೇಲೆ ಐವತ್ತೊಂದು ಅಂತ ಸಹಿ ಹಾಕು ಅಂತಿದ್ದೀರಾ?"

ಅವರು ಮಡಿಲಲ್ಲಿದ್ದ ಟೋಪಿಯನ್ನು ತಿರುವಿ ನೋಡಿದರು.

"ನೀವು ನಿಮ್ಮ ನಂಬಿಕೆ ಬಿಡಬೇಡಿ. ದುಡ್ಡು ಕೊಡಬೇಡಿ. ನಾನು ಚಪ್ಪಾಳೆ ತಟ್ಟಿದ್ದೆ, ನೆನಪಿದೆ. ಆದ್ರೆ ನಿಮ್ಮ ಪೆಟ್ಟಿಗೆ ಸರಿಯಾಗಿರಲಿ ಅಂತ ನನ್ನ ಪೆಟ್ಟಿಗೆ ಮೇಲೆ ಸುಳ್ಳು ಬರೆಸ್ಬೇಡಿ."

ಆಲ್ ಎದ್ದು ನಿಂತು ಟೋಪಿ ಹಾಕಿಕೊಂಡರು. ಮುಖ ಕೆಂಪಾಗಿತ್ತು. ಬಾಗಿಲ ಹತ್ತಿರ ನಿಂತು ಏನೋ ಹೇಳಲು ಹೋಗಿ, "ಆ ಕುರ್ಚಿ ಎತ್ತರ ಸರಿಯಿಲ್ಲ ಅಂದ್ರೆ ಹೇಳು," ಎಂದು ಹೊರಟುಹೋದರು.

ಆಮೇಲೆ ಅವರು ಪ್ರಯೋಗಾಲಯದ ಕಡೆ ಬರಲಿಲ್ಲ. ವರದಿಗಳನ್ನು ಮೇಸ್ತ್ರಿಯ ಕೈಲಿ ತರಿಸಿಕೊಳ್ಳುತ್ತಿದ್ದರು.

ಹೊಸ ವರ್ಷದ ನಂತರದ ತರಗತಿಗೆ ಮೂರು ಜೋಡಿಗಳು ಬಂದಿದ್ದವು. ನಾನು ಎಂದಿನಂತೆ ಥರ್ಮಾಮೀಟರ್ ಹಂಚಿದೆ. ಡ್ವೇನ್ ಕಾಫಿ ಹಾಕಿದ. ಅವರಲ್ಲಿ ನರ್ಸಿಂಗ್ ಓದುತ್ತಿದ್ದ ಒಬ್ಬ ಹುಡುಗಿ ಕೇಳಿದಳು. "ನೀವು ಇದೊಂದನ್ನೇ ನಂಬ್ಕೊಂಡಿದ್ದೀರಾ ಆಂಟಿ?"

ಇಷ್ಟು ವರ್ಷ ಹೌದು ಎನ್ನುತ್ತಿದ್ದೆ. ಡ್ವೇನ್ ನನ್ನ ಮುಖ ನೋಡಿದ.

"ಇಷ್ಟು ದಿನ ನಂಬಿದ್ದೆ," ಎಂದೆ. "ಗಟ್ಟಿಮುಟ್ಟಾಗಿರೋರಿಗೆ, ಸರಿಯಾಗಿ ನಿದ್ದೆ ಮಾಡೋರಿಗೆ ಇದು ಒಳ್ಳೇದೇ. ನನ್ನ ಹೃದಯ ಕೆಟ್ಟಿದೆ. ಈಗ ನನಗೆ ಇದು ಸಾಲಲ್ಲ. ನಾನು ವಂಕಿ ಹಾಕಿಸ್ಕೊಳ್ತೀನಿ. ಅದಕ್ಕೇ ಇವತ್ತೇ ನನ್ನ ಕೊನೇ ಪಾಠ."

ಒಬ್ಬ ಹುಡುಗ ತನ್ನ ಥರ್ಮಾಮೀಟರನ್ನು ಮೆಲ್ಲಗೆ ಡಬ್ಬಿಯೊಳಗೆ ವಾಪಸು ಇಟ್ಟ. ಡ್ವೇನ್ ನನ್ನ ಪಕ್ಕ ಬಂದು ಕೂತು ಎಲ್ಲರ ಎದುರೇ ನನ್ನ ಕೈ ಹಿಡಿದುಕೊಂಡ. ಭಾನುವಾರದ ಹೊತ್ತಿಗೆ ವಿಷಯ ಊರಿಗೆಲ್ಲ ಗೊತ್ತಾಗಿತ್ತು. ಪೂಜೆಯಲ್ಲಿ ಸದಾ ನಮ್ಮ ಬೆಂಚಿನಲ್ಲೇ ಕೂರುತ್ತಿದ್ದ ಇಬ್ಬರು ಆಚೆ ಬೆಂಚಿಗೆ ಹೋದರು. ನಾನು ಪ್ರಸಾದದ ಸಾಲಿಗೆ ನಿಲ್ಲದೆ ಕೂತೇ ಇದ್ದೆ. ನನ್ನ ಲೆಕ್ಕ ದೇವರ ಜೊತೆ ಇನ್ನೂ ಮುಗಿದಿರಲಿಲ್ಲ.

ಪೂಜೆ ಮುಗಿದ ಮೇಲೆ ಕೋಟು ತೂಗುಹಾಕುವ ಕೋಣೆಯಲ್ಲಿ ಮಾರ್ಲಿಸ್ ನನ್ನನ್ನು ಹಿಡಿದಳು. "ಯಾವತ್ತೇ ಹೋಗ್ತಿರೋದು?"

"ಬರೋ ಗುರುವಾರ. ಸೇಂಟ್ ಕ್ಲೌಡ್ ಕ್ಲಿನಿಕ್‌ಗೆ. ವಿಮೆ ಬೇಕಿಲ್ಲ ಅಲ್ಲಿ, ಆದಾಯ ನೋಡಿ ಫೀಸು ತಗೊಳ್ತಾರೆ."

"ಹೇಗೆ ಹೋಗ್ತೀಯ?"

ಅದೇ ಕಷ್ಟವಾಗಿತ್ತು. ನನ್ನ ಹೃದಯದ ಸ್ಥಿತಿಗೆ ತಲೆಸುತ್ತು ಬಂದರೂ ಬರಬಹುದು, ಒಬ್ಬಳೇ ಗಾಡಿ ಓಡಿಸಿಕೊಂಡು ಬರಬೇಡ ಎಂದಿದ್ದರು. ಡ್ವೇನ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಹಸುಗಳು ರಜೆ ಕೊಡುವುದಿಲ್ಲ, ಬದಲಿ ಚಾಲಕನ ಕಾಲು ಮುರಿದಿತ್ತು.

"ನಾನು ಕರ್ಕೊಂಡು ಹೋಗ್ತೀನಿ," ಎಂದಳು ಮಾರ್ಲಿಸ್.

"ಆಲ್?"

"ಆಲ್‌ಗೆ ಏನು? ನಾನು ಅವನ ಐದು ಮಕ್ಕಳನ್ನ ಹೆತ್ತಿದ್ದೀನಿ ಮಾರಾಯ್ತಿ, ಒಂದು ದಿನ ಕಾರಿನ ಕೀಲಿ ಕೇಳಿದ್ರೆ ಕೊಡ್ತಾನೆ."

ಗುರುವಾರ ಬೆಳಗ್ಗೆ ಹಿಮ ಬಿದ್ದು ನಿಂತಿತ್ತು. ಅಂಗಳದಲ್ಲಿ ಹಾರ್ನ್ ಕೇಳಿ ಹೊರಗೆ ಬಂದರೆ ಮಾರ್ಲಿಸ್‌ಳ ಕಾರಿರಲಿಲ್ಲ, ಆಲ್ ಅವರ ಪಿಕಪ್ ಇತ್ತು. ಅವರು ಕಿಟಕಿ ಇಳಿಸಿದರು.

"ಮಾರ್ಲಿಸ್‌ಗೆ ಜ್ವರ. ಹತ್ತು."

"ಎಲ್ಲಿಗೆ ಅಂತ ಗೊತ್ತಾ ನಿಮಗೆ?"

"ಊರಿಗೆಲ್ಲ ಗೊತ್ತಿದೆ, ನನಗೆ ಗೊತ್ತಿರಲ್ವಾ? ಹತ್ತು, ಹೀಟರ್ ಬಿಸಿ ಎಲ್ಲಾ ಹೊರಗೆ ಹೋಗ್ತಿದೆ."

ರೇಡಿಯೊದಲ್ಲಿ ಹಂದಿಯ ಧಾರಣೆ ಬರುತ್ತಿತ್ತು. ಊರು ದಾಟಿ ಎಷ್ಟೋ ದೂರ ಹೋದ ಮೇಲೆ ಅವರು ತಮಗೆ ತಾವೇ ಎಂಬಂತೆ ಶುರುಮಾಡಿದರು. "ಬೆಳಗ್ಗೆಯಿಂದ ಯೋಚಿಸ್ತಿದ್ದೀನಿ. ದುಡ್ಡು ಕೊಡೋದು ಒಂದು. ಗಾಡಿ ಓಡಿಸೋದು ಇನ್ನೊಂದು. ಎರಡೂ ಒಂದೇನಾ? ಬಸ್ ಡ್ರೈವರ್ ಎಲ್ಲರನ್ನೂ ಎಲ್ಲಿಗೆಲ್ಲ ಕರ್ಕೊಂಡು ಹೋಗ್ತಾನೆ, ಅವನಿಗೆ ಪಾಪ ಬರುತ್ತಾ?"

"ಬಸ್ ಡ್ರೈವರ್‌ಗೆ ಗೊತ್ತಿರಲ್ಲ ಆಲ್."

"ಅದೇ ಮತ್ತೆ," ಎಂದರು ಬೇಸರದಿಂದ. "ನನಗೆ ಗೊತ್ತಿದೆ."

ಕ್ಲಿನಿಕ್‌ನ ಅಂಗಳದಲ್ಲಿ ಬೇಕಾದಷ್ಟು ಜಾಗವಿತ್ತು. ಅವರು ಅಲ್ಲಿಗೆ ತಿರುಗಿಸಲಿಲ್ಲ. ರಸ್ತೆಯ ಈಚೆ ಬದಿ, ಬೌಲಿಂಗ್ ಆಟದ ಮನೆಯ ಎದುರು ನಿಲ್ಲಿಸಿ ಎಂಜಿನ್ ಆರಿಸಿದರು.

"ನಾನು ಇಲ್ಲೇ ಇರ್ತೀನಿ," ಎಂದರು. ಕಣ್ಣು ಬೌಲಿಂಗ್ ಮನೆಯ ಬೋರ್ಡಿನ ಮೇಲಿತ್ತು.

"ಆಗಲಿ," ಎಂದು ಇಳಿದೆ. ನನಗೆ ನಗು ಬಂತು, ಸಿಟ್ಟು ಬರಲಿಲ್ಲ. ಅವರು ಗೆರೆಯನ್ನು ಎಳೆಯಬಹುದಾದ ಕಟ್ಟಕಡೆಯ ಜಾಗಕ್ಕೆ ತಂದು ಎಳೆದಿದ್ದರು.

ರಸ್ತೆ ಅಗಲವಾಗಿತ್ತು. ಹಿಮ ಗೀಚಿ ತೆಗೆದ ಮೇಲೆ ಅಡಿಯಲ್ಲಿ ಉಳಿದ ಮಂಜುಗಡ್ಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ನಡುವೆ ಬರುವಷ್ಟರಲ್ಲಿ ನನ್ನ ಉಸಿರು ಕಟ್ಟಿತು. ನಿಂತೆ. ರಸ್ತೆಯಲ್ಲಿ ಬರುತ್ತಿದ್ದ ಒಂದು ಲಾರಿ ನಿಧಾನ ಮಾಡಿತು. ಮುಂದೆ ಒಂದು ಹೆಜ್ಜೆ ಇಟ್ಟೆ, ಕಾಲು ಜಾರಿತು, ಹೇಗೋ ಸಂಭಾಳಿಸಿಕೊಂಡೆ. ಮತ್ತೆ ಹೆಜ್ಜೆ ಎತ್ತಲು ಧೈರ್ಯವಾಗಲಿಲ್ಲ.

ಹಿಂದೆ ಪಿಕಪ್‌ನ ಬಾಗಿಲು ದಡಾರನೆ ಮುಚ್ಚಿದ ಸದ್ದು ಕೇಳಿಸಿತು.

"ಅಲ್ಲೇ ನಿಲ್ಲು! ಅಲುಗಬೇಡ!" ಆಲ್ ಲಾರಿಗೆ ಕೈ ಅಡ್ಡ ಹಿಡಿದು, ಬಾತುಕೋಳಿಯ ನಡಿಗೆಯಲ್ಲಿ ಬರುತ್ತಿದ್ದರು. ಹತ್ತಿರ ಬಂದು ನನ್ನ ತೋಳಿನೊಳಗೆ ತಮ್ಮ ತೋಳು ತೂರಿಸಿದರು. "ಹೀಗೆ ಪೂರ್ತಿ ಪಾದ ಊರು. ಹಾಂ. ಹಾಗೆ."

ಆಚೆ ಬದಿಗೆ ಬಂದಾಗ ಅವರು ಬಿಡುತ್ತಾರೆಂದುಕೊಂಡೆ. ಬಿಡಲಿಲ್ಲ. ಅಂಗಳವೂ ಹಾಗೇ ಹೆಪ್ಪುಗಟ್ಟಿತ್ತು. ಬಾಗಿಲವರೆಗೆ ಬಂದರು. ನರ್ಸ್ ಒಬ್ಬಳು ಬಾಗಿಲು ತೆಗೆದು ನಮ್ಮಿಬ್ಬರನ್ನೂ ನೋಡಿ, "ತಂದೆನಾ? ಬನ್ನಿ ಒಳಗೆ, ಚಳಿ ಹೊಡೆಯುತ್ತೆ," ಎಂದಳು.

"ತಂದೆ ಅಲ್ಲ," ಎಂದರು ಆಲ್. "ಕೆಲಸ ಕೊಟ್ಟಿರೋನು."

"ಅಯ್ಯೋ, ಇಂಥ ಮಾಲೀಕರು ನಮಗೂ ಇದ್ದಿದ್ರೆ!" ಎಂದಳು ಅವಳು, ಏನೂ ಅರಿಯದೆ.

ವಂಕಿ ಹಾಕಿಸಿಕೊಂಡು ನಾನು ಕಾಯುವ ಕೋಣೆಗೆ ಬಂದಾಗ ಅವರು ಅಲ್ಲಿನ ಪುಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಟೋಪಿ ಮೊಣಕಾಲ ಮೇಲೆ, ಒಂದು ಕೈ ಕೋಟಿನ ಜೇಬಿನೊಳಗೆ. ಜೇಬಿನಲ್ಲಿ ಜಪಮಣಿ ಸರಿಯುತ್ತಿರುವುದು ಬಟ್ಟೆಯ ಮೇಲಿಂದಲೇ ತಿಳಿಯುತ್ತಿತ್ತು. ನನಗಾಗಿ ಜಪಿಸುತ್ತಿದ್ದರೋ ತಮಗಾಗಿಯೋ, ಕೇಳಲಿಲ್ಲ.

ಅರ್ಧ ದಾರಿ ಬಂದ ಮೇಲೆ ಅವರು ಹೇಳಿದರು. "ವಿಮೆ ಹಾಗೇ ಇರುತ್ತೆ ಕೊರಿನ್. ನಾನು ಬದಲಾಯಿಸಲ್ಲ."

"ಗೊತ್ತು."

"ಇನ್ಯಾರಾದ್ರೂ ಬಂದು ಕೇಳಿದ್ರೂ ಇಲ್ಲ ಅಂತಲೇ ಹೇಳ್ತೀನಿ."

"ಅವರನ್ನೂ ನೀವೇ ಕರ್ಕೊಂಡು ಬರ್ತೀರಾ?"

ಅವರು ನನ್ನ ಕಡೆ ತಿರುಗಿ ಗುರಾಯಿಸಿದರು. ಆಮೇಲೆ ಮೂಗಿನಲ್ಲೇ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, "ಆವತ್ತು ಆ ರಕ್ತದ ಮಾತು ನಾನು ಆಡಬಾರದಿತ್ತು," ಎಂದರು.

ನಾನು ಕಿಟಕಿಯಾಚೆ ನೋಡಿದೆ. ಹೊಟ್ಟೆಯ ಕೆಳಗೆ ಹಿಂಡಿದ ಹಾಗೆ ನೋಯುತ್ತಿತ್ತು, ಆದರೆ ಉಸಿರು ಸರಾಗವಾಗಿತ್ತು. ಮನೆಗೆ ಹೋಗಿ ಸೋಫಾದ ಮೇಲಿನ ಹೊದಿಕೆ ಮಡಿಸಿ ಒಳಗಿಡಬೇಕು ಎಂದುಕೊಂಡೆ.

"ನೋವಿದೆಯಾ?"

"ಸ್ವಲ್ಪ."

ಊರ ಹೊರಗಿನ ರೈಲು ಹಳಿ ಬಂತು. ಆಲ್ ಪಿಕಪ್ಪನ್ನು ನಿಲ್ಲಿಸಿಯೇ ಬಿಟ್ಟರು ಎನ್ನುವಷ್ಟು ನಿಧಾನ ಮಾಡಿ, ಮುಂದಿನ ಗಾಲಿಗಳನ್ನು ಹಳಿಯ ಮೇಲೆ ಹತ್ತಿಸಿ, ಇಳಿಸಿ, ಹಿಂದಿನವನ್ನು ಹತ್ತಿಸಿದರು. ಈಸ್ಟರ್ ಇನ್ನೂ ದೂರವಿತ್ತು, ಹಿಂದುಗಡೆ ಕಂಬಳಿ ಮಾತ್ರ ಇತ್ತು. ನಮ್ಮ ಹಿಂದಿನ ಗಾಡಿಯವನು ಹಾರ್ನ್ ಒತ್ತಿದ. ಅವರು ಕನ್ನಡಿಯಲ್ಲೂ ನೋಡಲಿಲ್ಲ.